ಎಣ್ಣೆಯ ತೆರಿಗೆಯಿಂದ ಬಿಸಿಲ ಕರೆಂಟು: ಲೆಕ್ಕ ಹೇಗೆ, ಲಾಭ ಯಾರಿಗೆ?

ಪುತ್ತೂರು, ಸುಳ್ಯ, ಕಡಬದ ಯಾವ ಬಂಕಿನಲ್ಲಾದರೂ ಒಂದು ಲೀಟರ್ ಪೆಟ್ರೋಲ್ ಹಾಕಿಸಿ ನೋಡಿ. 2025ರ ದರದಂತೆ, ನೀವು ಕೊಟ್ಟ ದುಡ್ಡಿನಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ತೆರಿಗೆಗೇ ಹೋಗುತ್ತದೆ. ಸ್ಕೂಟರು, ಕಾರು ಇದ್ದವರು ಮಾತ್ರ ಈ ತೆರಿಗೆ ಕಟ್ಟುತ್ತಾರೆ ಎಂದುಕೊಳ್ಳಬೇಡಿ. ತೋಟದ ಹುಲ್ಲು ಕೊಚ್ಚುವ ಯಂತ್ರಕ್ಕೆ ಪೆಟ್ರೋಲ್ ಬೇಕು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಎಂಜಿನಿಗೆ ಎಣ್ಣೆ ಬೇಕು. ಕರೆಂಟು ಕೈಕೊಟ್ಟಾಗ ಜನರೇಟರಿಗೆ ಡೀಸೆಲ್ ಬೇಕು. ಅಂಗಡಿಯ ಅಕ್ಕಿಚೀಲದ ಬೆಲೆಯಲ್ಲೂ ಲಾರಿಯ ಡೀಸೆಲ್ ಖರ್ಚು ಸೇರಿರುತ್ತದೆ.

ಹೊರದೇಶದಿಂದ ಬರುವ ಎಣ್ಣೆಗೆ ತೆರಿಗೆ ಹಾಕಿ, ಆ ಹಣವನ್ನು ಸೌರಶಕ್ತಿ, ಗಾಳಿ ವಿದ್ಯುತ್, ಗೋಬರ್ ಗ್ಯಾಸ್ ಮೊದಲಾದ ಶುದ್ಧ ಇಂಧನಕ್ಕೆ ಬಳಸಬೇಕು ಎಂಬ ಸಲಹೆ ಜಗತ್ತಿನ ಹಲವು ಕಡೆ ಇದೆ. ಕೇಳಲು ಸರಳ. ಆದರೆ ಈಗ ಕಟ್ಟುವ ತೆರಿಗೆ ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಏನಾದರೂ ನಮ್ಮ ಮನೆಗೆ, ತೋಟಕ್ಕೆ ಹಿಂದಿರುಗುತ್ತದೆಯೇ? ಅದನ್ನು ಪಡೆಯುವುದು ಹೇಗೆ? ಒಂದೊಂದಾಗಿ ನೋಡೋಣ. ಇಲ್ಲಿ ಕೊಟ್ಟಿರುವ ದರಗಳು 2025ರವು. ಇವು ಆಗಾಗ ಬದಲಾಗುತ್ತವೆ, ಲೆಕ್ಕ ಹಾಕುವ ಕ್ರಮ ಮಾತ್ರ ಹೀಗೆಯೇ.

ಎಣ್ಣೆ ನಮ್ಮಲ್ಲಿಗೆ ಬರುವ ದಾರಿ

ಭಾರತ ಬಳಸುವ ಕಚ್ಚಾ ತೈಲದಲ್ಲಿ, ಅಂದರೆ ಸಂಸ್ಕರಿಸದ ಎಣ್ಣೆಯಲ್ಲಿ, ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ನಮ್ಮ ಜಿಲ್ಲೆಯವರಿಗೆ ಇದು ದೂರದ ಸುದ್ದಿಯಲ್ಲ. ಮಂಗಳೂರಿನ ಸಮುದ್ರದಲ್ಲಿ ದೊಡ್ಡ ತೈಲ ಹಡಗುಗಳು ನಿಲ್ಲುತ್ತವೆ. ಅಲ್ಲಿಂದ ಕೊಳವೆಯಲ್ಲಿ ಎಣ್ಣೆ ದಡಕ್ಕೆ ಬರುತ್ತದೆ. ಸುರತ್ಕಲ್ ಬಳಿಯ ಎಂಆರ್‌ಪಿಎಲ್ ಕಾರ್ಖಾನೆ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವಷ್ಟು ದೊಡ್ಡದು. ತುರ್ತು ಕಾಲಕ್ಕೆಂದು ದೇಶವು ನೆಲದಡಿಯ ಬಂಡೆ ಕೊರೆದು ಎಣ್ಣೆ ತುಂಬಿಟ್ಟ ಮೂರು ಜಾಗಗಳಲ್ಲಿ ಎರಡು ನಮ್ಮ ಕರಾವಳಿಯಲ್ಲೇ ಇವೆ. ಮಂಗಳೂರಿನದು 15 ಲಕ್ಷ ಟನ್ ಹಿಡಿಯುತ್ತದೆ, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ ಟನ್.

ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವ ಟ್ಯಾಂಕರುಗಳನ್ನು ನೀವು ದಿನವೂ ನೋಡುತ್ತೀರಿ. ಕೊಲ್ಲಿಯಲ್ಲಿ ಯುದ್ಧವಾದರೆ ಅಥವಾ ಡಾಲರ್ ಏರಿದರೆ ಈ ಎಣ್ಣೆಗೆ ದೇಶ ಹೆಚ್ಚು ಹಣ ತೆರಬೇಕಾಗುತ್ತದೆ. ಮಾಡಿನ ಮೇಲೆ ಬೀಳುವ ಬಿಸಿಲಿಗೆ ಆ ತೊಂದರೆ ಇಲ್ಲ. ಎಣ್ಣೆಯ ಹಣದಿಂದ ಶುದ್ಧ ಇಂಧನ ಬೆಳೆಸಬೇಕು ಎನ್ನುವುದಕ್ಕೆ ಮೊದಲ ಕಾರಣ ಇದೇ. ಹೊಗೆ, ಬಿಸಿಯೇರುತ್ತಿರುವ ಹವೆ ಎರಡನೆಯ ಕಾರಣ.

ಬಂದರಿನಲ್ಲಿ ಪೈಸೆ, ಬಂಕಿನಲ್ಲಿ ರೂಪಾಯಿ

ಹಲವರು ತಿಳಿದಿರುವುದು ಹೀಗೆ: ಹಡಗಿನಿಂದ ಇಳಿಯುವಾಗಲೇ ಎಣ್ಣೆಗೆ ದೊಡ್ಡ ಸುಂಕ ಬೀಳುತ್ತದೆ. ವಾಸ್ತವ ಹಾಗಿಲ್ಲ. ಕಚ್ಚಾ ತೈಲದ ಮೇಲಿದ್ದ ಶೇ. 5ರ ಆಮದು ಸುಂಕವನ್ನು ಕೇಂದ್ರ ಸರ್ಕಾರ 2011ರ ಜೂನ್‌ನಲ್ಲಿ ತೆಗೆದುಹಾಕಿತು. ಈಗ ಬಂದರಿನಲ್ಲಿ ಮುಖ್ಯವಾಗಿ ಉಳಿದಿರುವುದು ಟನ್ನಿಗೆ 50 ರೂಪಾಯಿಯ ವಿಪತ್ತು ನಿಧಿಯ ಸುಂಕ. ಒಂದು ಟನ್ ಎಂದರೆ ಸುಮಾರು 1,165 ಲೀಟರ್. ಲೆಕ್ಕ ಹಾಕಿದರೆ ಲೀಟರಿಗೆ ನಾಲ್ಕು ಪೈಸೆಯ ಆಸುಪಾಸು.

ನಿಜವಾದ ತೆರಿಗೆ ಬೀಳುವುದು ಸಂಸ್ಕರಿಸಿದ ಮೇಲೆ. 2025ರ ಏಪ್ರಿಲ್ 8ರಂದು ಜಾರಿಗೆ ಬಂದ ದರದಂತೆ ಒಂದು ಲೀಟರ್ ಪೆಟ್ರೋಲಿಗೆ ಕೇಂದ್ರದ ಅಬಕಾರಿ ಸುಂಕ 21 ರೂ. 90 ಪೈಸೆ. ಅದರಲ್ಲಿ ನಾಲ್ಕು ಪಾಲು ಇದೆ:

– ಮೂಲ ಅಬಕಾರಿ ಸುಂಕ 1 ರೂ. 40 ಪೈಸೆ
– ವಿಶೇಷ ಹೆಚ್ಚುವರಿ ಅಬಕಾರಿ ಸುಂಕ 13 ರೂ.
– ಕೃಷಿ ಮೂಲಸೌಕರ್ಯ ಸೆಸ್ 2 ರೂ. 50 ಪೈಸೆ
– ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂ.

ಡೀಸೆಲಿಗೆ ಇದೇ ನಾಲ್ಕು ಪಾಲು ಸೇರಿ 17 ರೂ. 80 ಪೈಸೆ. ಸೆಸ್ ಎಂದರೆ ಒಂದು ಗೊತ್ತಾದ ಉದ್ದೇಶದ ಹೆಸರು ಹೇಳಿ ಎತ್ತುವ ಕರ. ಈ ಪದವನ್ನು ನೆನಪಿಡಿ, ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಇದರ ಮೇಲೆ ರಾಜ್ಯದ ಮಾರಾಟ ತೆರಿಗೆ. ಕರ್ನಾಟಕದಲ್ಲಿ ಪೆಟ್ರೋಲಿಗೆ ಶೇ. 29.84, ಇದು 2024ರ ಜೂನ್‌ನಿಂದ. ಡೀಸೆಲಿಗೆ ಶೇ. 21.17, ಇದು 2025ರ ಏಪ್ರಿಲ್‌ನಿಂದ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿಯ ಆಸುಪಾಸು ಇದ್ದಾಗ ರಾಜ್ಯಕ್ಕೆ ಹೋಗುವುದು ಸುಮಾರು 22–23 ರೂಪಾಯಿ. ಕೇಂದ್ರ ಸುಂಕ ಹಾಕಿದ ಮೇಲಿನ ಬೆಲೆಗೆ ಶೇಕಡಾ ಲೆಕ್ಕದಲ್ಲಿ ರಾಜ್ಯದ ತೆರಿಗೆ ಬೀಳುವುದರಿಂದ, ಕೇಂದ್ರದ ಸುಂಕದ ಮೇಲೂ ನಾವು ತೆರಿಗೆ ಕಟ್ಟುತ್ತೇವೆ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯೊಳಗೆ ಬಾರದ ಕಾರಣ ಈ ಎರಡು ಹಂತ ಹಾಗೆಯೇ ಉಳಿದಿದೆ.

ಒಂದು ಮನೆಯ ಲೆಕ್ಕ ನೋಡೋಣ. ಸ್ಕೂಟರು, ಹುಲ್ಲು ಕೊಚ್ಚುವ ಯಂತ್ರ ಎಲ್ಲ ಸೇರಿ ತಿಂಗಳಿಗೆ 20 ಲೀಟರ್ ಪೆಟ್ರೋಲ್ ಎಂದಿಟ್ಟುಕೊಳ್ಳಿ. ತೆರಿಗೆಯೇ ತಿಂಗಳಿಗೆ ಸುಮಾರು 880 ರೂಪಾಯಿ. ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ.

ಈ ಹಣ ಎಲ್ಲಿಗೆ ಹೋಗುತ್ತದೆ?

ಕೇಂದ್ರ ಎತ್ತುವ ತೆರಿಗೆಯಲ್ಲಿ ಒಂದು ಭಾಗವನ್ನು ರಾಜ್ಯಗಳಿಗೆ ಹಂಚಬೇಕು. 15ನೇ ಹಣಕಾಸು ಆಯೋಗದ ಪ್ರಕಾರ 2021ರಿಂದ 2026ರವರೆಗೆ ಆ ಪಾಲು ಶೇ. 41. ಆದರೆ ಸೆಸ್ ಮತ್ತು ವಿಶೇಷ ಸುಂಕಗಳು ಈ ಹಂಚಿಕೆಯ ಹೊರಗಿವೆ. ಅಂದರೆ ಪೆಟ್ರೋಲಿನ 21 ರೂ. 90 ಪೈಸೆಯಲ್ಲಿ ಹಂಚಿಕೆಗೆ ಸಿಗುವುದು 1 ರೂ. 40 ಪೈಸೆ ಮಾತ್ರ. ಅದರ ಶೇ. 41 ಎಂದರೆ 57 ಪೈಸೆ. ಇದನ್ನು ಎಲ್ಲ ರಾಜ್ಯಗಳೂ ಹಂಚಿಕೊಳ್ಳಬೇಕು. ಆ ಅವಧಿಗೆ ಕರ್ನಾಟಕದ ಪಾಲು ಶೇ. 3.647. ಲೀಟರಿಗೆ ಸುಮಾರು ಎರಡು ಪೈಸೆ! ರಾಜ್ಯಗಳು ತಮ್ಮದೇ ಮಾರಾಟ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಉಳಿದ ಹಣದಲ್ಲಿ ರಸ್ತೆ ಸೆಸ್ಸಿಗೆ ಮಾತ್ರ ಸ್ಪಷ್ಟವಾದ ದಾರಿ ಇದೆ. 2000ದಲ್ಲಿ ಬಂದ ಒಂದು ಕಾನೂನು ಅದಕ್ಕೆಂದೇ ಪ್ರತ್ಯೇಕ ನಿಧಿ ಮಾಡಿತು. ಇಂದು ಅದರ ಹೆಸರು ಕೇಂದ್ರೀಯ ರಸ್ತೆ ಮತ್ತು ಮೂಲಸೌಕರ್ಯ ನಿಧಿ. ದೇಶದ ಹೆದ್ದಾರಿಗಳಿಗೆ ಈ ನಿಧಿಯಿಂದ ಹಣ ಹೋಗುತ್ತದೆ. ಎಣ್ಣೆಯ ಮೇಲೆ ಕರ ಹಾಕಿ, ಅದನ್ನು ಒಂದೇ ಕೆಲಸಕ್ಕೆ ಮೀಸಲಿಡಲು ಕಾನೂನಿನಲ್ಲಿ ಅಡ್ಡಿಯಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 2018ರ ತಿದ್ದುಪಡಿ ವಿದ್ಯುತ್ ಕ್ಷೇತ್ರವನ್ನೂ ಈ ಮೂಲಸೌಕರ್ಯಗಳ ಪಟ್ಟಿಗೆ ಸೇರಿಸಿದೆ. ದಾರಿ ಅಷ್ಟರಮಟ್ಟಿಗೆ ತೆರೆದಿದೆ.

ಆದರೆ ‘ಶುದ್ಧ ಇಂಧನ ಸೆಸ್’ ಎಂಬ ಪಾಲು ಮೇಲಿನ ಪಟ್ಟಿಯಲ್ಲಿ ಇಲ್ಲ. ಸೌರ ಯೋಜನೆಗಳಿಗೆ ಕೇಂದ್ರ ಕೊಡುವ ಸಬ್ಸಿಡಿ ಸಾಮಾನ್ಯ ಖಜಾನೆಯಿಂದ ಬರುತ್ತದೆ. ಆ ಖಜಾನೆಯಲ್ಲಿ ಎಣ್ಣೆಯ ತೆರಿಗೆಯೂ ಇದೆ, ನಿಜ. ಆದರೆ ಎಣ್ಣೆಯಿಂದ ಬಂದದ್ದರಲ್ಲಿ ಇಷ್ಟು ಪಾಲು ಬಿಸಿಲ ಕರೆಂಟಿಗೆ ಹೋಗಲೇಬೇಕು ಎಂಬ ಕಟ್ಟುಪಾಡು ಇಲ್ಲ.

ಕಲ್ಲಿದ್ದಲಿನಲ್ಲಿ ಕಲಿತ ಪಾಠ

ಇಂಥ ಕಟ್ಟುಪಾಡನ್ನು ಭಾರತ ಒಮ್ಮೆ ಮಾಡಿತ್ತು, ಕಲ್ಲಿದ್ದಲಿನ ಮೇಲೆ. 2010ರ ಜುಲೈಯಲ್ಲಿ ಟನ್ನಿಗೆ 50 ರೂಪಾಯಿಯ ಶುದ್ಧ ಇಂಧನ ಸೆಸ್ ಬಂತು. ದೇಶದಲ್ಲಿ ತೆಗೆದ ಕಲ್ಲಿದ್ದಲಿಗೂ ಆಮದಾದ ಕಲ್ಲಿದ್ದಲಿಗೂ ಅದು ಅನ್ವಯಿಸುತ್ತಿತ್ತು. 2014ರಲ್ಲಿ 100 ರೂ., 2015ರಲ್ಲಿ 200 ರೂ., 2016ರಲ್ಲಿ 400 ರೂಪಾಯಿಗೆ ಏರಿತು. ಹಣ ಹಾಕಲು ರಾಷ್ಟ್ರೀಯ ಶುದ್ಧ ಇಂಧನ ನಿಧಿ ಎಂಬ ಖಾತೆಯೂ ಇತ್ತು.

ಏನಾಯಿತು? 2010–11ರಿಂದ 2017–18ರವರೆಗೆ ಒಟ್ಟು ಸಂಗ್ರಹವಾದದ್ದು ಸುಮಾರು 86,440 ಕೋಟಿ ರೂ. ಅದರಲ್ಲಿ ನಿಧಿಗೆ ವರ್ಗವಾದದ್ದು ಸುಮಾರು 29,645 ಕೋಟಿ. ಯೋಜನೆಗಳಿಗೆ ಖರ್ಚಾದದ್ದು ಸುಮಾರು 15,911 ಕೋಟಿ. ನೂರು ರೂಪಾಯಿ ಎತ್ತಿ ಹದಿನೆಂಟು ರೂಪಾಯಿಯಷ್ಟು ಮಾತ್ರ ಉದ್ದೇಶಕ್ಕೆ ತಲುಪಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್ ನಿಂತು, ಅದರ ಜಾಗಕ್ಕೆ ರಾಜ್ಯಗಳ ನಷ್ಟ ತುಂಬುವ ಪರಿಹಾರ ಸೆಸ್ ಬಂತು. 2025ರ ಸೆಪ್ಟೆಂಬರ್ 22ರಿಂದ ಆ ಪರಿಹಾರ ಸೆಸ್ ಕೂಡ ಕಲ್ಲಿದ್ದಲಿಗೆ ಇಲ್ಲ, ಬದಲಿಗೆ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿದೆ.

ಇದರಿಂದ ನಾವು ತಿಳಿಯಬೇಕಾದದ್ದು ಒಂದೇ. ಸೆಸ್ಸಿಗೆ ಒಳ್ಳೆಯ ಹೆಸರು ಇಟ್ಟ ಮಾತ್ರಕ್ಕೆ ಹಣ ಒಳ್ಳೆಯ ಕೆಲಸಕ್ಕೆ ಹೋಗುವುದಿಲ್ಲ. ಬಂದ ಹಣವೆಲ್ಲ ನಿಧಿಗೇ ಸೇರಬೇಕು, ಪ್ರತಿ ವರ್ಷ ಖರ್ಚಿನ ಲೆಕ್ಕ ಜನರ ಮುಂದೆ ಬರಬೇಕು ಎಂದು ಕಾನೂನಿನಲ್ಲೇ ಬರೆದಿರಬೇಕು.

ಹೊರಗೆ ನೋಡಿದರೆ ಥಾಯ್ಲೆಂಡ್ 1992ರಲ್ಲೇ ಕಾನೂನು ಮಾಡಿ, ಪೆಟ್ರೋಲಿಯಂ ಉತ್ಪನ್ನಗಳ ಮೇಲೆ ಸಣ್ಣ ಕರ ಎತ್ತಿ, ಇಂಧನ ಉಳಿತಾಯ ಮತ್ತು ನವೀಕರಿಸಬಹುದಾದ ಇಂಧನಕ್ಕೆ ಪ್ರತ್ಯೇಕ ನಿಧಿ ನಡೆಸುತ್ತಾ ಬಂದಿದೆ. ಅಮೆರಿಕದಲ್ಲಿ 2016ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಪ್ರತಿ ಬ್ಯಾರೆಲ್ ಎಣ್ಣೆಗೆ 10 ಡಾಲರ್ ಕರ ಹಾಕಿ ಶುದ್ಧ ಸಾರಿಗೆಗೆ ಬಳಸುವ ಪ್ರಸ್ತಾವ ಇಟ್ಟರು. ಅಲ್ಲಿನ ಸಂಸತ್ತು ಒಪ್ಪಲಿಲ್ಲ.

ಆಮದು ಎಣ್ಣೆಗೆ ಸೆಸ್ ಹಾಕಿದರೆ?

ಒಂದು ಅಂದಾಜು ಮಾಡೋಣ. ಭಾರತ ವರ್ಷಕ್ಕೆ ಸುಮಾರು 24 ಕೋಟಿ ಟನ್ ಕಚ್ಚಾ ತೈಲ ಆಮದು ಮಾಡಿಕೊಳ್ಳುತ್ತದೆ. ಟನ್ನಿಗೆ 1,000 ರೂಪಾಯಿ ಸೆಸ್ ಹಾಕಿದರೆ ವರ್ಷಕ್ಕೆ 24,000 ಕೋಟಿ ರೂ. ಒಂದು ಲೀಟರ್ ಕಚ್ಚಾ ತೈಲದ ಮೇಲೆ ಬೀಳುವ ಭಾರ ಸುಮಾರು 86 ಪೈಸೆ. ಕೇಂದ್ರದ ಮನೆಮಾಡಿನ ಸೌರ ಯೋಜನೆಯ ಒಟ್ಟು ವೆಚ್ಚ 75,021 ಕೋಟಿ. ಅಷ್ಟು ಹಣ ಈ ಒಂದೇ ಸೆಸ್ಸಿನಿಂದ ಮೂರು ವರ್ಷ ಚಿಲ್ಲರೆಯಲ್ಲಿ ಹುಟ್ಟುತ್ತದೆ.

‘ಮತ್ತೆ ಬೆಲೆ ಏರುವುದಿಲ್ಲವೇ?’ ಎಂದು ನೀವು ಕೇಳುತ್ತೀರಿ. ಹೊಸ ಕರ ಸೇರಿಸಿದರೆ ಏರುತ್ತದೆ. ಡೀಸೆಲ್ ಏರಿದರೆ ಬಸ್ಸಿನ ಟಿಕೆಟು, ಗೊಬ್ಬರದ ಸಾಗಾಟ, ಅಡಿಕೆಯ ಲಾರಿ ಬಾಡಿಗೆ ಎಲ್ಲವೂ ಏರುತ್ತದೆ. ಆ ಭಾರ ಬಡವರ ಮೇಲೆಯೇ ಹೆಚ್ಚು. ಹಾಗಾಗಿ ಹೊಸ ಕರ ಹಾಕುವುದಕ್ಕಿಂತ ಈಗಿರುವ ವಿಶೇಷ ಸುಂಕದಿಂದಲೇ ಒಂದು ರೂಪಾಯಿ ತೆಗೆದು ಮೀಸಲಿಡುವುದು ನ್ಯಾಯವಾದ ದಾರಿ. ಬಂಕಿನ ಬೆಲೆ ಏರುವುದಿಲ್ಲ, ಹಣಕ್ಕೆ ದಾರಿ ಮಾತ್ರ ಗೊತ್ತಾಗುತ್ತದೆ.

‘ಎಂಆರ್‌ಪಿಎಲ್‌ನಂಥ ಕಾರ್ಖಾನೆ ಹೊರದೇಶಕ್ಕೂ ಮಾರುತ್ತದಲ್ಲ, ಅದಕ್ಕೆ ಪೆಟ್ಟು ಬೀಳುವುದಿಲ್ಲವೇ?’ ಇದೂ ಸರಿಯಾದ ಪ್ರಶ್ನೆ. ಬಂದರಿನಲ್ಲೇ ಸೆಸ್ ಹಾಕಿದರೆ, ಸಂಸ್ಕರಿಸಿ ರಫ್ತಾಗುವ ಎಣ್ಣೆಯ ಮೇಲಿನ ಸೆಸ್ಸನ್ನು ಹಿಂದಿರುಗಿಸಬೇಕಾಗುತ್ತದೆ. ಬಂಕಿನ ಸುಂಕದಿಂದ ತೆಗೆದರೆ ಆ ತೊಡಕೇ ಇಲ್ಲ.

ಈಗಲೇ ಸಿಗುವುದು ಏನು?

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಸಾಮಾನ್ಯ ಖಜಾನೆಯಿಂದ ಸಿಗುವ ನೆರವು ಈಗಾಗಲೇ ಇದೆ. ಮನೆಗಳಿಗೆ ಮುಖ್ಯವಾದದ್ದು 2024ರ ಫೆಬ್ರವರಿಯಲ್ಲಿ ಆರಂಭವಾದ ‘ಪಿಎಂ ಸೂರ್ಯಘರ್’. 2026–27ರವರೆಗೆ ಒಂದು ಕೋಟಿ ಮನೆಗಳಿಗೆ ಸೌರ ಫಲಕ ಹಾಕಿಸುವುದು ಇದರ ಗುರಿ.

ಕೆಲಸ ಮಾಡುವ ಬಗೆ ಹೀಗೆ. ಫಲಕ, ಅಂದರೆ ಸೋಲಾರ್ ಪ್ಯಾನೆಲ್, ಬಿಸಿಲಿನಿಂದ ಕರೆಂಟು ಹುಟ್ಟಿಸುತ್ತದೆ. ಇನ್‌ವರ್ಟರ್ ಅದನ್ನು ಮನೆಯ ಲೈನಿಗೆ ಹೊಂದುವಂತೆ ಮಾಡುತ್ತದೆ. ಮೊದಲು ನಿಮ್ಮ ಮನೆ ಬಳಸುತ್ತದೆ. ಉಳಿದದ್ದು ವಿದ್ಯುತ್ ಕಂಪನಿ ಮೆಸ್ಕಾಂನ ಲೈನಿಗೆ ಹೋಗುತ್ತದೆ. ಹೋದದ್ದು, ಬಂದದ್ದು ಎರಡನ್ನೂ ಲೆಕ್ಕ ಇಡುವ ಮೀಟರಿಗೆ ನೆಟ್ ಮೀಟರ್ ಎನ್ನುತ್ತಾರೆ.

ಸಬ್ಸಿಡಿ ಒಂದು ಕಿಲೋವ್ಯಾಟಿಗೆ 30,000 ರೂ., ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000. ಅದಕ್ಕಿಂತ ಮೇಲೆ ಇಲ್ಲ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಬಿಸಿಲು ಬೀಳುವ ಜಾಗ ಬೇಕು. ದೇಶದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಡುವುದಿಲ್ಲ. ಆದ್ದರಿಂದ ಕಿಲೋವ್ಯಾಟಿಗೆ ತಿಂಗಳಿಗೆ 100 ಯೂನಿಟ್ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ.

ಖರ್ಚಿನ ಒಂದು ಉದಾಹರಣೆ. ಮೂರು ಕಿಲೋವ್ಯಾಟಿಗೆ 1,80,000 ರೂ. ಆಯಿತೆನ್ನಿ. ಸಬ್ಸಿಡಿ ಕಳೆದರೆ ನಿಮ್ಮ ಕೈಯಿಂದ 1,02,000. ತಿಂಗಳಿಗೆ 300 ಯೂನಿಟ್, ಯೂನಿಟ್ಟಿಗೆ 6 ರೂಪಾಯಿಯ ಆಸುಪಾಸಿನಲ್ಲಿ 1,800 ರೂ. ಉಳಿತಾಯ. ಐದು ವರ್ಷದೊಳಗೆ ಹಾಕಿದ ಹಣ ಹಿಂದಿರುಗುತ್ತದೆ. ಫಲಕಕ್ಕೆ ಸಾಮಾನ್ಯವಾಗಿ 25 ವರ್ಷದ ಗ್ಯಾರಂಟಿ ಇರುತ್ತದೆ. 2025ರ ಸೆಪ್ಟೆಂಬರ್‌ನಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಕೈಯಲ್ಲಿದ್ದರೆ ಹೊಸದಾಗಿ ಬರೆಸಿಕೊಳ್ಳಿ.

‘ಗೃಹಜ್ಯೋತಿ ಇದೆಯಲ್ಲ, ಮತ್ತೇಕೆ?’ ಎಂಬುದು ನಮ್ಮೂರಿನಲ್ಲಿ ಎಲ್ಲರ ಪ್ರಶ್ನೆ. ನಿಮ್ಮ ಮನೆಯ ಬಳಕೆ ರಾಜ್ಯದ ಈ ಉಚಿತ ಕರೆಂಟು ಯೋಜನೆಯ ಮಿತಿಯೊಳಗೆ ಇದ್ದು, ಬಿಲ್ಲು ಸೊನ್ನೆ ಬರುತ್ತಿದ್ದರೆ, ಸಾಲ ಮಾಡಿ ಸೋಲಾರ್ ಹಾಕಿಸುವ ಅವಸರ ಬೇಡ. ತಿಂಗಳಿಗೆ 200 ಯೂನಿಟ್ ದಾಟುವ ಮನೆಗೆ ಪೂರ್ತಿ ಬಿಲ್ಲು ಬರುತ್ತದೆ. ಸೋಲಾರ್ ಲಾಭ ಅಂಥವರಿಗೆ. ಹೆಚ್ಚಾದ ಕರೆಂಟನ್ನು ಮೆಸ್ಕಾಂಗೆ ಮಾರಿ ದುಡ್ಡು ಮಾಡುತ್ತೇನೆ ಎಂದು ದೊಡ್ಡ ಘಟಕ ಹಾಕಿಸಬೇಡಿ. ನೀವು ಕೊಳ್ಳುವ ದರಕ್ಕಿಂತ ಮಾರುವ ದರ ಕಡಿಮೆ. ಮನೆಯ ಬಳಕೆಗೆ ತಕ್ಕಷ್ಟೇ ಹಾಕಿಸಿ.

ನಮ್ಮೂರಿನಲ್ಲಿ ಗಮನಿಸಬೇಕಾದದ್ದು

ಮೊದಲನೆಯದು, ಕರೆಂಟು ಹೋದಾಗ ಏನಾಗುತ್ತದೆ ಎಂಬುದು. ಲೈನಿಗೆ ಸೇರಿಸಿದ ಸಾಮಾನ್ಯ ಸೋಲಾರ್, ಮೆಸ್ಕಾಂ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮಾಡಿನ ಕರೆಂಟು ಹೊಡೆಯಬಾರದು ಎಂದೇ ಈ ವ್ಯವಸ್ಥೆ. ಸುಳ್ಯಕ್ಕೆ 110 ಕೆ.ವಿ. ಉಪಕೇಂದ್ರ ಬೇಕೆಂಬ ಕೂಗು ದಶಕಗಳದ್ದು. ಬೇಸಿಗೆಯ ವೋಲ್ಟೇಜ್ ಸಮಸ್ಯೆ, ಮಳೆಗಾಲದಲ್ಲಿ ಮರ ಬಿದ್ದು ಹೋಗುವ ಕರೆಂಟು ಇಲ್ಲಿ ಎಲ್ಲರಿಗೂ ಗೊತ್ತು. ಕತ್ತಲಲ್ಲೂ ದೀಪ ಉರಿಯಬೇಕೆಂದರೆ ಬ್ಯಾಟರಿಯೂ ಸೇರುವ ಹೈಬ್ರಿಡ್ ಇನ್‌ವರ್ಟರ್ ಬೇಕು. ಖರ್ಚು ಹೆಚ್ಚು. ಮೊದಲೇ ಕೇಳಿ ತೀರ್ಮಾನಿಸಿ.

ಎರಡನೆಯದು ಸಿಡಿಲು. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಸಂಜೆಗಳಲ್ಲಿ ನಮ್ಮ ಗುಡ್ಡಗಳಲ್ಲಿ ಸಿಡಿಲಿನ ಆರ್ಭಟ ಜೋರು. ಸಿಡಿಲು ತಡೆ, ಸರಿಯಾದ ಅರ್ತಿಂಗ್ ಇಲ್ಲದೆ ಫಲಕ ಕೂರಿಸಲು ಒಪ್ಪಬೇಡಿ. ಅರ್ತಿಂಗಿಗೆ ಗುಂಡಿ ತೋಡಿ ಸಲಾಕೆ ಇಳಿಸುವಾಗ ಹತ್ತಿರ ನಿಂತು ನೋಡಿ.

ಮೂರನೆಯದು ನೆರಳು. ಅಂಗಳದ ಅಂಚಿನ ತೆಂಗು, ಅಡಿಕೆಯ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಚೆನ್ನಾಗಿ ಕುಸಿಯುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಗೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಮಾಡಿನ ಮೇಲೆ ನೆರಳು ಎಲ್ಲಿದೆ ಎಂದು ಗುರುತು ಹಾಕಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವಾಗ ನೆರಳು ಉದ್ದವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಂಚಿನ ಮಾಡಿಗಿಂತ ಟೆರೇಸು ಅಥವಾ ಅಂಗಳಕ್ಕೆ ಹಾಕಿದ ಶೀಟಿನ ಮಾಡು ಅನುಕೂಲ. ಹಂಚಿನ ಮೇಲೆ ಹಾಕುವುದಾದರೆ ಪಕ್ಕಾಸು, ರೀಪು ಗಟ್ಟಿ ಇದೆಯೇ ಎಂದು ಬಡಗಿಯನ್ನು ಕರೆಸಿ ಕೇಳಿ. ಮಳೆಗಾಲ ಮುಗಿದ ಮೇಲೆ ಗಾಜಿನ ಮೇಲಿನ ಪಾಚಿ ತೊಳೆಯಬೇಕು. ಬೆಳಗಿನ ತಂಪಿನಲ್ಲಿ ನೀರು, ಮೆತ್ತನೆಯ ಬಟ್ಟೆ ಸಾಕು.

ತೋಟದ ಪಂಪಿಗೆ

ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ಕೃಷಿ ಪಂಪುಗಳಿಗೆ ಕರೆಂಟು ಉಚಿತ. ಲೈನ್ ಇರುವ ತೋಟದವರಿಗೆ ಸೋಲಾರ್ ಪಂಪಿನ ಒತ್ತಡವಿಲ್ಲ. ಲೈನಿನಿಂದ ದೂರದ ತೋಟಗಳ ಮಾತು ಬೇರೆ. ಅಲ್ಲಿ ಇನ್ನೂ ಡೀಸೆಲ್ ಪಂಪು ಓಡುತ್ತದೆ, ಅಂದರೆ ಎಣ್ಣೆಯ ತೆರಿಗೆ ನೇರವಾಗಿ ನೀರಿನ ಮೇಲೆ ಬೀಳುತ್ತದೆ.

ಅಂಥವರಿಗೆ 2019ರಲ್ಲಿ ಬಂದ ‘ಪಿಎಂ ಕುಸುಮ್’ ಯೋಜನೆಯ ‘ಬಿ’ ಭಾಗ ಇದೆ. ಕೇಂದ್ರದ ಪಾಲು ಶೇ. 30. ಕರ್ನಾಟಕ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದೆ. ರೈತರು ಕೊಡಬೇಕಾದದ್ದು ಶೇ. 20. ಘಟಕಕ್ಕೆ ಮೂರು ಲಕ್ಷ ರೂ. ಎಂದಾದರೆ ನಿಮ್ಮ ಪಾಲು 60,000. ವಿದ್ಯುತ್ ಲೈನಿನಿಂದ 500 ಮೀಟರಿಗಿಂತ ದೂರದ ಪಂಪುಗಳಿಗೆ ಸೋಲಾರನ್ನೇ ಕೊಡಬೇಕೆಂಬುದು ರಾಜ್ಯದ ನಿಲುವು. ಯೋಜನೆಯ ಅವಧಿ, ಆಯಾ ವರ್ಷದ ಗುರಿ ಬದಲಾಗುತ್ತಿರುತ್ತದೆ. ಹಣ ಕಟ್ಟುವ ಮೊದಲು ಮೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ.

ಸೋಲಾರ್ ಪಂಪು ಹಗಲು ಮಾತ್ರ ಓಡುತ್ತದೆ. ಮೋಡ ಬಂದಾಗ ನೀರಿನ ಒತ್ತಡ ತಗ್ಗುತ್ತದೆ, ಸ್ಪ್ರಿಂಕ್ಲರ್ ಸರಿಯಾಗಿ ತಿರುಗುವುದಿಲ್ಲ. ನಮ್ಮ ಗುಡ್ಡದ ತೋಟಗಳಲ್ಲಿ ಇದಕ್ಕೆ ಸುಲಭದ ಉಪಾಯವಿದೆ. ತೋಟದ ಮೇಲಿನ ಗುಡ್ಡದಲ್ಲಿ ಟ್ಯಾಂಕಿ ಕಟ್ಟಿ ಹಗಲಿಡೀ ತುಂಬಿಸಿ, ಅಲ್ಲಿಂದ ಇಳಿಜಾರಿನಲ್ಲಿ ಹನಿ ನೀರಾವರಿಗೆ ಬಿಡಿ. ನಮಗೆ ನೀರು ಬೇಕಾದ ತಿಂಗಳುಗಳು ಜನವರಿಯಿಂದ ಮೇವರೆಗೆ. ಬಿಸಿಲು ಖಡಕ್ಕಾಗಿರುವುದೂ ಆಗಲೇ. ಆದರೆ ಫಲಕಕ್ಕೆ ತೋಟದ ನಡುವೆ ಜಾಗ ಸಿಗದು. ಮರದ ನೆರಳಿಲ್ಲದ ಗುಡ್ಡೆಯ ಜಾಗ ಹುಡುಕಿ.

ದನ ಸಾಕುವ ಮನೆಗೆ ಗೋಬರ್ ಗ್ಯಾಸ್ ಇನ್ನೂ ಒಳ್ಳೆಯ ದಾರಿ. ಸಿಲಿಂಡರಿನ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಆಮದಿನದೇ. ಹಟ್ಟಿಯ ಸೆಗಣಿಯಿಂದ ಒಲೆ ಉರಿಯುತ್ತದೆ, ಉಳಿದ ಬಗ್ಗಡ ಅಡಿಕೆ ಬುಡಕ್ಕೆ ಗೊಬ್ಬರವಾಗುತ್ತದೆ. ಇದರ ಸಹಾಯಧನದ ಬಗ್ಗೆ ತಾಲೂಕು ಪಂಚಾಯತ್‌ನಲ್ಲಿ ವಿಚಾರಿಸಿ.

ಎಲ್ಲಿ, ಹೇಗೆ ಅರ್ಜಿ ಹಾಕುವುದು?

ಮನೆಮಾಡಿನ ಸೋಲಾರ್‌ಗೆ ಪಿಎಂ ಸೂರ್ಯಘರ್ ಪೋರ್ಟಲಿನಲ್ಲೇ ಅರ್ಜಿ. ಮೊಬೈಲಿನಲ್ಲಿ ಕಷ್ಟವಾದರೆ ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ಸಹಾಯ ಕೇಳಿ. ಕ್ರಮ ಹೀಗೆ:

1. ಮೆಸ್ಕಾಂ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಹಾಕಿ ನೋಂದಾಯಿಸಿ. ಮೀಟರು ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಅರ್ಜಿ ಇರಬೇಕು. ಮೀಟರು ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಹೆಸರು ಬದಲಾವಣೆ ಮಾಡಿಸಿ.
2. ಪೋರ್ಟಲಿನ ಪಟ್ಟಿಯಲ್ಲಿರುವ ಮಾರಾಟಗಾರರನ್ನೇ ಆರಿಸಿ. ಕನಿಷ್ಠ ಮೂವರಿಂದ ದರ ಬರೆಸಿಕೊಳ್ಳಿ.
3. ಫಲಕದ ಒಳಗಿನ ಕೋಶಗಳೂ ಭಾರತದಲ್ಲೇ ತಯಾರಾದವು ಎಂಬ ದಾಖಲೆ ಕೇಳಿ. ಅದಿಲ್ಲದಿದ್ದರೆ ಸಬ್ಸಿಡಿ ಇಲ್ಲ.
4. ಅಳವಡಿಸಿದ ಮೇಲೆ ನೆಟ್ ಮೀಟರ್‌ಗೆ ಅರ್ಜಿ. ಮೆಸ್ಕಾಂನವರು ಬಂದು ಪರೀಕ್ಷಿಸಿ ಚಾಲನೆ ಕೊಡುತ್ತಾರೆ.
5. ಬ್ಯಾಂಕ್ ಖಾತೆಯ ವಿವರ ತುಂಬಿ. ಸಬ್ಸಿಡಿ ನೇರವಾಗಿ ನಿಮ್ಮ ಖಾತೆಗೇ ಬರುತ್ತದೆ, ಮಾರಾಟಗಾರರಿಗೆ ಅಲ್ಲ.

ಮೊದಲ ಐದು ವರ್ಷದ ನಿರ್ವಹಣೆ ಮಾರಾಟಗಾರರ ಹೊಣೆ. ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಮೂರು ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ಎರಡು ಲಕ್ಷ ರೂ. ತನಕ ಆಸ್ತಿ ಅಡವಿಲ್ಲದೆ ಸರ್ಕಾರಿ ಬ್ಯಾಂಕುಗಳು ಕಡಿಮೆ ಬಡ್ಡಿಯ ಸಾಲ ಕೊಡುತ್ತವೆ. ಸಂದೇಹವಿದ್ದರೆ ಪುತ್ತೂರು, ಸುಳ್ಯ, ಕಡಬದ ಮೆಸ್ಕಾಂ ಕಚೇರಿಗೆ ಹೋಗಿ, ಅಥವಾ 1912ಕ್ಕೆ ಕರೆ ಮಾಡಿ.

ಸೋಲಾರ್ ನಮ್ಮ ಜಿಲ್ಲೆಗೆ ಹೊಸತಲ್ಲ. ಹರೀಶ್ ಹಂದೆ ಅವರು 1995ರಲ್ಲಿ ಸೆಲ್ಕೊ ಸಂಸ್ಥೆ ಆರಂಭಿಸಿದ ಮೇಲೆ, ಕಂಬವೇ ತಲುಪದ ದಕ್ಷಿಣ ಕನ್ನಡದ ಮನೆಗಳಲ್ಲಿ ಬ್ಯಾಂಕಿನ ಕಂತಿನ ಸಾಲದಿಂದ ಸೌರ ದೀಪ ಉರಿಯಿತು. ಆ ಕೆಲಸಕ್ಕೆ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರ ಮನೆಗೆ ಬಿಸಿಲ ಕರೆಂಟು ತಲುಪಬೇಕಾದರೆ ಉಪಕರಣಕ್ಕಿಂತ ಮೊದಲು ಸುಲಭದ ಹಣ ಬೇಕು ಎಂದು ಅಂದೇ ಗೊತ್ತಾಗಿತ್ತು. ಎಣ್ಣೆಯ ತೆರಿಗೆ ನಿಜವಾಗಿ ತುಂಬಬೇಕಾದ ಜಾಗವೂ ಅದೇ. ಸಬ್ಸಿಡಿ ಕಳೆದು ಉಳಿಯುವ ಒಂದು ಲಕ್ಷ ರೂಪಾಯಿಯೇ ಕೂಲಿ ಮಾಡುವ ಮನೆಗೆ ದೊಡ್ಡ ಗೋಡೆ. ಆ ಸಾಲದ ಬಡ್ಡಿ ಕಟ್ಟಲು, ಬ್ಯಾಟರಿಗೆ ನೆರವಾಗಲು ಒಂದು ಮೀಸಲು ನಿಧಿ ಇದ್ದರೆ ಗೋಡೆ ಕೆಳಗಿಳಿಯುತ್ತದೆ.

ನಾವು ಕೇಳಬೇಕಾದದ್ದು

ಪ್ರತಿ ವರ್ಷ ಬಜೆಟ್ಟಿಗೆ ಮೊದಲು ಕೇಂದ್ರದ ಹಣಕಾಸು ಇಲಾಖೆ ಜನರಿಂದ ಸಲಹೆ ಕೇಳುತ್ತದೆ. ನಮ್ಮ ಸಂಸದರಿದ್ದಾರೆ, ಶಾಸಕರಿದ್ದಾರೆ, ಸಹಕಾರಿ ಸಂಘಗಳ ಮಹಾಸಭೆಗಳಿವೆ. ಅಲ್ಲಿ ಮೂರು ಮಾತು ಕೇಳೋಣ. ಈಗಿರುವ ವಿಶೇಷ ಸುಂಕದಿಂದ ಲೀಟರಿಗೆ ಒಂದು ರೂಪಾಯಿಯನ್ನು ಶುದ್ಧ ಇಂಧನಕ್ಕೆ ಕಾನೂನಿನಲ್ಲೇ ಮೀಸಲಿಡಿ. ಆ ಹಣ ಪೂರ್ತಿ ನಿಧಿಗೆ ಸೇರಲಿ, ಖರ್ಚಿನ ಲೆಕ್ಕ ವರ್ಷವೂ ಪ್ರಕಟವಾಗಲಿ. ಅದರಲ್ಲಿ ಒಂದು ಭಾಗ, ಕರೆಂಟು ಸರಿಯಾಗಿ ತಲುಪದ ಗುಡ್ಡಗಾಡಿನ ಹಳ್ಳಿಗಳ ಬ್ಯಾಟರಿಗೂ ಸಾಲದ ಬಡ್ಡಿಗೂ ಸಿಗಲಿ.

ಅಷ್ಟರಲ್ಲಿ ನಿಮ್ಮ ಪಾಲಿನ ಕೆಲಸ ಇಂದೇ ಶುರು ಮಾಡಬಹುದು. ಕಳೆದ ಹನ್ನೆರಡು ತಿಂಗಳ ಕರೆಂಟು ಬಿಲ್ಲು ತೆಗೆದು ಯೂನಿಟ್ ಕೂಡಿಸಿ, ಹನ್ನೆರಡರಿಂದ ಭಾಗಿಸಿ. ಸರಾಸರಿ 200 ದಾಟಿದ್ದರೆ ಮಾಡಿನ ನೆರಳು ಗುರುತಿಸಿ, ಮೂವರಿಂದ ದರ ಕೇಳಿ. ದಾಟದಿದ್ದರೆ ಹಣ ಉಳಿಸಿಕೊಳ್ಳಿ, ಆದರೆ ಮೇಲಿನ ಮೂರು ಮಾತು ಕೇಳುವುದನ್ನು ಬಿಡಬೇಡಿ. ಪೆಟ್ರೋಲಿನ ತೆರಿಗೆ ನೀವೂ ಕಟ್ಟುತ್ತಿದ್ದೀರಿ.